ಬಾಳೆಹಣ್ಣಿನೊಳಗಿನ ಗುಳಿಗೆ

ಗುರುಪಾದಪ್ಪನಿಗೆ ಗುಳಿಗೆ ನುಂಗಲು ಬರುತ್ತಿರಲಿಲ್ಲ. ಈ ಗುಟ್ಟು ಅವನ ಹೆಂಡತಿ ನೀಲಾಬಾಯಿಯನ್ನು ಬಿಟ್ಟರೆ ಇಡೀ ವಡಾಲದಲ್ಲಿ ಇನ್ನೊಂದು ನರಪಿಳ್ಳೆಗೂ ತಿಳಿದಿರಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ ಬಿಡಿ. ಆಸಾಮಿ ಮುಂಬಯಿಯ ಸಿಟಿ ಬಸ್ಸುಗಳಲ್ಲಿ ಟಿಕೆಟ್ ಚೆಕರ್ ಆಗಿ ರಿಟೈರ್ ಆದವನು. ಆರಡಿ ಎತ್ತರ, ಪೊದೆ ಮೀಸೆ. ಅವನು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಮರಾಠಿಯಲ್ಲಿ "ತಿಕೀಟ ದಾಖವಾ", ಟಿಕೆಟ್ ತೋರಿಸಿ, ಎಂದರೆ ಟಿಕೆಟ್ ತೆಗೆದವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಂಥವನು ಒಂದು ಸಣ್ಣ ಗುಳಿಗೆ ಬಾಯಿಗೆ ಹಾಕಿಕೊಂಡು ತಂಬಿಗೆ ನೀರು ಕುಡಿದರೆ ನೀರಷ್ಟೇ ಒಳಗೆ ಹೋಗುತ್ತಿತ್ತು, ಗುಳಿಗೆ ನಾಲಿಗೆಯ ಮೇಲೇ ಕೂತಿರುತ್ತಿತ್ತು. ಮದುವೆಯಾದ ಹೊಸತರಲ್ಲೇ ನೀಲಾಬಾಯಿ ಇದಕ್ಕೊಂದು ಉಪಾಯ ಹುಡುಕಿದ್ದಳು. ಬಾಳೆಹಣ್ಣಿನ ತುಂಡಿನೊಳಗೆ ಗುಳಿಗೆ ಹುದುಗಿಸಿ ತಂದುಕೊಡುವಳು. ಅವನು ತುಂಡನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಆಮೇಲೆ ಗುಳುಂ ಮಾಡುವನು.

ಈ ತಿರುಗಿಸಿ ನೋಡುವ ಚಟ ನೌಕರಿ ಅಂಟಿಸಿದ್ದು. ಮುಖ ನೋಡಿಯೇ ಯಾರ ಹತ್ತಿರ ಟಿಕೆಟ್ ಇಲ್ಲವೆಂದು ಹೇಳಬಲ್ಲೆ ಎನ್ನುವುದು ಅವನ ಜಂಬ. ರಿಟೈರ್ ಆದಮೇಲೆ ಬಸ್ಸು ಹೋಯಿತು, ಚಟ ಮನೆಗೆ ಬಂತು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ. ಸೊಸೈಟಿಯ ಸೆಕ್ರೆಟರಿ ನಮಸ್ಕಾರ ಹೇಳಿದರೆ, ಇವನು ಯಾಕೆ ಹೇಳಿದ ಎಂದು ಮಧ್ಯಾಹ್ನದ ಊಟದವರೆಗೂ ತಲೆ ಕೆರೆದುಕೊಳ್ಳುವುದು. ಮನೆಯ ಕಸದ ಬುಟ್ಟಿಯನ್ನು ಹೊರಗಿಡುವ ಮುಂಚೆಯೂ ಒಮ್ಮೆ ಇಣುಕಿ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಇಂಥವನ ಜತೆ ಇಷ್ಟು ವರ್ಷ ಸಂಸಾರ ಮಾಡಿದ ನೀಲಾಬಾಯಿಗೆ ಯಾರಾದರೂ ಕರೆದು ಶಾಲು ಹೊದಿಸಬೇಕಿತ್ತು. ಹೊದಿಸಲು ಬಂದವನನ್ನೂ ಇವನು ಒಳಗೆ ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ಹೋದ ವರ್ಷ ಬೇಸಿಗೆಯಲ್ಲಿ ಸಯನ್ ಸ್ಟೇಷನ್ನಿನ ಬ್ರಿಜ್ಜು ಹತ್ತುವಾಗ ಗುರುಪಾದಪ್ಪನ ಎದೆ ಹಿಡಿದುಕೊಂಡಿತು. ಗುರುತು ಪರಿಚಯವಿಲ್ಲದ ನಾಲ್ವರು ಹೊತ್ತುಕೊಂಡು ಹೋಗಿ ಟ್ಯಾಕ್ಸಿಗೆ ಹಾಕಿದರು. ಆಸ್ಪತ್ರೆಯಲ್ಲಿ ಹೃದಯದ ನಾಳ ಕಟ್ಟಿದೆಯೆಂದು ಸ್ಟೆಂಟ್ ಕೂರಿಸಿದರು, ಮನುಷ್ಯ ಉಳಿದುಕೊಂಡ. ಕೊಬ್ಬು ಮತ್ತೆ ನಾಳದಲ್ಲಿ ಕಟ್ಟದಿರಲು ಒಂದು ಗುಳಿಗೆ ಬರೆದುಕೊಟ್ಟರು. ಬದುಕಿರುವ ತನಕ ದಿನಕ್ಕೊಂದು ನುಂಗಬೇಕು.

ಗುಳಿಗೆ ಶುರುವಾಗಿ ತಿಂಗಳಾಗಿರಲಿಲ್ಲ, ಕೆಳಗಿನ ಮನೆಯ ದಾನಪ್ಪ ನೋಡಲು ಬಂದ. ಅವನೂ ವಿಜಯಪುರದ ಕಡೆಯವನೇ, ಬಂದರಿನ ಕೆಲಸದಿಂದ ರಿಟೈರ್ ಆದವನು. ಇನ್ನೊಬ್ಬರ ತಲೆಯಲ್ಲಿ ಹುಳ ಬಿಡುವುದೆಂದರೆ ಅವನಿಗೆ ಊಟಕ್ಕಿಂತ ಪ್ರೀತಿ.

"ಈ ಗುಳಿಗೀನಾ? ಶಿವನ! ಇದು ಕಾಲಿನ ಮಾಂಸಾನ ತಿಂತೈತಂತಲ್ಲೋ ಗುರುಪಾದ. ಮೊಬೈಲ್‌ನ್ಯಾಗ ಬಂದಿತ್ತು. ನಮ್ಮಂಥೋರ ಮ್ಯಾಲ ಹಚ್ಚಿ ನೋಡ್ತಾರ, ಇಲಿ ಮ್ಯಾಲ ನೋಡಿದಂಗ."

ಆ ರಾತ್ರಿಯಿಂದಲೇ ಗುರುಪಾದಪ್ಪನ ಮೀನಖಂಡ ಎಳೆಯತೊಡಗಿತು. ನಾಲ್ಕು ದಿನಕ್ಕೆ ತೊಡೆಗೆ ಏರಿತು. ಹದಿನೈದು ದಿನದಲ್ಲಿ ಅವನು ಗುಳಿಗೆ ಬಿಟ್ಟೇಬಿಟ್ಟ.

ಡಾಕ್ಟರ್ ಶುಭಾಂಗಿಗೆ ಈ ಸುದ್ದಿ ತಿಳಿದದ್ದು ಮುಂದಿನ ತಪಾಸಣೆಯಲ್ಲಿ. ಸೊಲ್ಲಾಪುರದ ಹುಡುಗಿ, ಮನೆಮಾತು ಮರಾಠಿಯಾದರೂ ಅರೆಬರೆ ಕನ್ನಡ ಬರುತ್ತಿತ್ತು. ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು.

"ನೋಡ್ರಿ ಕಾಕಾ, ಈ ಗುಳಿಗಿ ಬಿಟ್ರ ನಿಮ್ಮ ನಳಿ ಮತ್ತ ಬಂದ್ ಆಗಬಹುದು. ಮುಂದಿನ ಸಲ ಬ್ರಿಜ್ಜಿನ ಮ್ಯಾಲಿಂದ ಎತ್ತಿಕೊಂಡು ಬರೋವರು ಸಿಗ್ತಾರೋ ಇಲ್ಲೋ. ಆದ್ರ ಕಾಲಿನ ನೋವು ಗುಳಿಗಿದಿಂದ ಬಂತಾ ಇಲ್ಲಾ, ನನಗ ಬಿ ಹೇಳಾಕ ಬರಲ್ಲ, ನಿಮಗ ಬಿ ಹೇಳಾಕ ಬರಲ್ಲ. ಅದಕ್ಕೇ ಒಂದು ಸ್ಟಡಿ ನಡೆದದ. ವಿಲಾಯತಿಯಾಗ ಈಗೀಗ ಇಂಥಾದ್ದು ಮಾಡ್ಯಾರ, ನಾವೂ ಮಾಡಾಕತ್ತೇವಿ. ನೀವು ಹ್ಯಾಂಗೂ ಗುಳಿಗಿ ಬಿಟ್ಟೀರಿ. ಒಂದು ವರ್ಷ ಇದರಾಗ ಬರ್ರಿ."

ಪ್ರಯೋಗ ಹೀಗಿತ್ತು. ಕೆಲವು ತಿಂಗಳು ಕೊಡುವ ಡಬ್ಬಿಯಲ್ಲಿ ನಿಜವಾದ ಔಷಧ. ಕೆಲವು ತಿಂಗಳ ಡಬ್ಬಿಯಲ್ಲಿ ಔಷಧವೇ ಇಲ್ಲದ ಖೊಟ್ಟಿ. ಇನ್ನು ಕೆಲವು ತಿಂಗಳು ಡಬ್ಬಿಯೇ ಇಲ್ಲ. ಖರೆಯದೂ ಖೊಟ್ಟಿಯದೂ ಹೊರಗಿನಿಂದ ಒಂದೇ ಥರದ ಕೇಸರಿ ಬಣ್ಣದ ಕ್ಯಾಪ್ಸೂಲು. ಯಾವ ತಿಂಗಳು ಯಾವುದೆಂದು ತಿನ್ನುವವನಿಗೂ ಗೊತ್ತಿರಬಾರದು, ಕೊಡುವ ಡಾಕ್ಟರಿಗೂ ಗೊತ್ತಿರಬಾರದು. ದಿನಾ ಸಂಜೆ ಆಸ್ಪತ್ರೆಯ ಹುಡುಗಿಯೊಬ್ಬಳು ಫೋನ್ ಮಾಡಿ, ಇವತ್ತಿನ ನೋವು ನೂರರಲ್ಲಿ ಎಷ್ಟು ಎಂದು ಕೇಳುವಳು. ವರ್ಷ ಮುಗಿದ ಮೇಲೆ ಗುಟ್ಟು ಬಿಡಿಸಿ, ಯಾವಾಗ ನೋವು ಬಂತು ಯಾವಾಗ ಬರಲಿಲ್ಲ ಎಂದು ತಾಳೆ ಹಾಕುವುದು.

"ಡಾಕ್ಟರಿಗೇ ಗೊತ್ತಿಲ್ಲದ ಔಷಧ ನಾ ಯಾಕ ತಿನ್ನಲಿ?" ಎಂದ ಗುರುಪಾದಪ್ಪ. ಮೇಲಿಂದ, "ಈ ಕ್ಯಾಪ್ಸೂಲಿನ ಸಿಪ್ಪಿ ಯಾತರದ್ದು?" ಎಂದೂ ಕೇಳಿದ.

"ಗಿಡದ್ದು ಕಾಕಾ. ಪ್ಯೂರ್ ವೆಜ್."

ಅವನು ಒಪ್ಪಲೇ ಇಲ್ಲ. ಕೊನೆಗೆ ಮಲಾಡಿನಲ್ಲಿರುವ ಮಗಳು ನಾಗರತ್ನಾ ಫೋನಿನಲ್ಲಿ, "ಪಪ್ಪಾ, ಪ್ಲೀಸ್... ಮೇರೇ ಲಿಯೇ... ನಂಗೆ ನಿದ್ದೆ ಬರಾಂಗಿಲ್ಲ ಪಪ್ಪಾ" ಎಂದು ತನಗೆ ಬರುವ ಮೂರೂ ಭಾಷೆಯಲ್ಲಿ ಅತ್ತಮೇಲೆ ರುಜು ಹಾಕಿದ. ಬಸ್ಸಿನಲ್ಲಿ ಮನೆಗೆ ಬರುವಾಗ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿಯ ಕಿವಿಯಲ್ಲಿ ಗೊಣಗಿದ.

"ಗಿಡದ್ದಂತ, ಗಿಡದ್ದು! ಹೇಳ್ತಾರ ಬಿಡು. ದನದ ಎಲುಬು ಕುದಿಸೇ ಕ್ಯಾಪ್ಸೂಲು ಮಾಡೂದು. ನನಗ ಗೊತ್ತಿಲ್ಲೇನು?"

ನೀಲಾಬಾಯಿಯ ಕೈ ತಾನಾಗಿ ಸೆರಗಿನೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿತು. ಗುರುಪಾದಪ್ಪ ಆ ಮಾತನ್ನು ಅಲ್ಲಿಗೇ ಮರೆತು, ಕಂಡಕ್ಟರ್ ಹಿಂದಿನ ಸೀಟಿನವನಿಗೆ ಟಿಕೆಟ್ ಕೊಟ್ಟನೋ ಇಲ್ಲವೋ ನೋಡತೊಡಗಿದ.

ತಿಂಗಳುಗಳು ಉರುಳಿದವು. ಡಬ್ಬಿ ಬಂದ ತಿಂಗಳೆಲ್ಲ ಗುರುಪಾದಪ್ಪನ ಕಾಲು ಹಿಡಿದುಕೊಂಡಿತು. ಡಬ್ಬಿ ಇಲ್ಲದ ತಿಂಗಳು ಅವನು ವಡಾಲ ಮಾರ್ಕೆಟ್ಟಿಗೆ ಕೈಬೀಸಿಕೊಂಡು ನಡೆದು ಹೋಗಿ ಬಂದ. ಇನ್ನೇನು ಬೇಕು? ಅವನ ಮಟ್ಟಿಗೆ ಕೇಸು ಮುಗಿದಿತ್ತು. ಫೋನಿನ ಹುಡುಗಿ ಎಷ್ಟು ಕಾಕಾ ಎಂದರೆ ದಂಡ ಹಾಕುವ ಗತ್ತಿನಲ್ಲಿ "ಎಂಬತ್ತು!" ಎನ್ನುವನು. ಖೊಟ್ಟಿ ಗುಳಿಗೆ ಎನ್ನುವುದೆಲ್ಲ ಬರೀ ಬೊಗಳೆ, ಎಲ್ಲ ಡಬ್ಬಿಯಲ್ಲೂ ಅದೇ ವಿಷ ತುಂಬಿದ್ದಾರೆ ಎಂದು ಅವನೂ ದಾನಪ್ಪನೂ ಕೂಡಿ ತೀರ್ಮಾನಿಸಿಬಿಟ್ಟರು.

"ಈ ವರ್ಷ ಒಂದು ಮುಗೀಲಿ," ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಸಾರುವನು. "ಆಮ್ಯಾಲ ಒಂದ ಗುಳಿಗಿ ಮುಟ್ಟಂಗಿಲ್ಲ. ಸತ್ರ ಕಾಲಾಡಿಸಿಕೋತ ಸಾಯ್ತೀನಿ."

ನೀಲಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನು ನೋಡುವಳು. ಏನೋ ಹೇಳಲು ಬಾಯಿ ತೆರೆಯುವಳು. ಆಮೇಲೆ ಮತ್ತೆ ರೊಟ್ಟಿ ಬಡಿಯುವಳು.

ಆ ನೋಟ ಗುರುಪಾದಪ್ಪನಿಗೆ ಹಿಡಿಸಲಿಲ್ಲ. ಏನನ್ನೋ ಮುಚ್ಚಿಟ್ಟುಕೊಂಡವರ ನೋಟ ಅದು. ಅಂಥ ಮುಖಗಳನ್ನು ಅವನು ಬಸ್ಸಿನ ಹಿಂದಿನ ಬಾಗಿಲ ಬಳಿ ಎಷ್ಟು ನೋಡಿಲ್ಲ!

ಆಷಾಢದಲ್ಲಿ ಒಂದು ದಿನ ಮಳೆ ಜಡಿಯಿತು. ಬಚ್ಚಲಿನ ಕಿಟಕಿಯಿಂದ ಎರಚಲು ಒಳಗೆ ಬರುತ್ತಿತ್ತು. ನೀಲಾಬಾಯಿ ಮಾರ್ಕೆಟ್ಟಿಗೆ ಹೋಗಿದ್ದಳು. ಹೊರಗಿನ ಗ್ರಿಲ್ಲಿಗೆ ಪ್ಲಾಸ್ಟಿಕ್ ಕಟ್ಟಲು ಗುರುಪಾದಪ್ಪ ಕೈ ಚಾಚಿದಾಗ, ಲೋಳೆಸರದ ಕುಂಡದ ಹಿಂದೆ ಒಂದು ಹಳೆಯ ಡಬ್ಬಿ ಸಿಕ್ಕಿತು. ಮುಚ್ಚಳ ಬಿಗಿಯಾಗಿತ್ತು. ತೆಗೆದ. ಒಳಗೆ ಕೇಸರಿ ಬಣ್ಣದ ಕ್ಯಾಪ್ಸೂಲಿನ ಸಿಪ್ಪೆಗಳು. ಬರೀ ಸಿಪ್ಪೆಗಳು. ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು ಚಿಕ್ಕಿಯ ತುಂಡಿನ ಹಾಗೆ ಗಟ್ಟಿಯಾಗಿದ್ದವು. ಒಳಗಿರಬೇಕಾದದ್ದು ಒಂದರಲ್ಲೂ ಇರಲಿಲ್ಲ.

ಗುರುಪಾದಪ್ಪ ಬಚ್ಚಲಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಕಸದ ಬುಟ್ಟಿಗೆ ಯಾಕೆ ಹಾಕಲಿಲ್ಲ? ನಾನು ನೋಡುತ್ತೇನೆಂದು. ಅಂದರೆ ನಾನು ನೋಡಬಾರದ ಕೆಲಸ. ಇಷ್ಟು ತಿಂಗಳು ಇವಳು ನನ್ನ ಔಷಧ ಎಲ್ಲಿ ಚೆಲ್ಲಿದಳು? ಚೆಲ್ಲಿದ್ದರೆ ಕಾಲು ಯಾಕೆ ನೋಯುತ್ತಿದೆ? ಬೇರೆಯವರಾದರೆ ಈ ಕಡೆಯ ಪ್ರಶ್ನೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಯೋಚಿಸುತ್ತಿದ್ದರು. ನಮ್ಮ ಗುರುಪಾದಪ್ಪ ನಿಲ್ಲಲಿಲ್ಲ. ಔಷಧ ಚೆಲ್ಲಿ ಬೇರೇನೋ ಹಾಕುತ್ತಿದ್ದಾಳೆ ಎಂದು ಒಂದೇ ಜಿಗಿತಕ್ಕೆ ಆಚೆ ದಡ ಸೇರಿದ.

ಅವನು ಡಬ್ಬಿಯನ್ನು ಇದ್ದಲ್ಲೇ ಇಟ್ಟ. ಸಂಜೆ ದಾನಪ್ಪನಿಗೆ, ಯಾರದೋ ಮನೆಯ ಸಂಗತಿ ಎಂಬಂತೆ ಹೇಳಿ ನೋಡಿದ.

"ಹೆಂಡ್ತಿ ಮ್ಯಾಲ ಸಂಶಯ ಪಡಬಾರ್ದಪಾ," ಎಂದ ದಾನಪ್ಪ, ಎಲೆಗೆ ಸುಣ್ಣ ಸವರುತ್ತ. "ಆದ್ರ ನೋಡು, ಗಂಡ ರಿಟೈರ್ ಆಗಿ ಹಗಲೆಲ್ಲಾ ಮನ್ಯಾಗ ಕುಂತು ಕಿರಿಕಿರಿ ಮಾಡಿದ್ರ ಎಂಥಾ ಹೆಂಗಸಿಗೂ ಬ್ಯಾಸರ ಬರ್ತೈತಿ."

ಆ ಮಾತು ಗುರುಪಾದಪ್ಪನ ಗಂಟಲಲ್ಲಿ ಗುಳಿಗೆಯ ಹಾಗೆ ಸಿಕ್ಕಿಕೊಂಡಿತು. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಇವಳಿಗೆ ನಾನು ಬೇಡವಾದೆನೇ?

ಮರುದಿನ ಬೆಳಿಗ್ಗೆ ಅವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ನೀಲಾಬಾಯಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಅಡಿಗೆಮನೆಗೆ ಹೋದಳು. ಪಡಸಾಲೆಯ ಕನ್ನಡಿಯಲ್ಲಿ ಅಡಿಗೆಮನೆಯ ಕಟ್ಟೆ ಕಾಣುತ್ತದೆ. ಅವಳು ಕ್ಯಾಪ್ಸೂಲು ತೆಗೆದು, ಎರಡೂ ತುದಿ ಹಿಡಿದು ತಿರುವಿ ಬಿಚ್ಚಿದಳು. ಒಳಗಿದ್ದದ್ದನ್ನು ತಟ್ಟೆಗೆ ಸುರಿದು, ಬಗ್ಗಿ, ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಏನೋ ಅಂದುಕೊಂಡಳು. ಮಂತ್ರವೇ? ಅಷ್ಟರಲ್ಲಿ ಬಾಗಿಲ ಬೆಲ್ಲು ಹೊಡೆದುಕೊಂಡಿತು, ಹಾಲಿನವನು. ಹಾಳಾದವನು ಬೇಕೆಂದೇ ಆ ಗಳಿಗೆಗೆ ಬಂದನೆಂದು ಗುರುಪಾದಪ್ಪನಿಗೆ ಇಂದಿಗೂ ಗುಮಾನಿ. ಹಾಲು ತೆಗೆದುಕೊಂಡು ತಿರುಗುವಷ್ಟರಲ್ಲಿ ಹಣ್ಣಿನ ತುಂಡು ಹಿಡಿದು ಹೆಂಡತಿ ಎದುರಿಗೆ ನಿಂತಿದ್ದಳು.

ಅವನು ಎಂದಿನಂತೆ ತಿರುಗಿಸಿ ನೋಡಿದ, ಬಾಯಿಗೆ ಹಾಕಿಕೊಂಡ, ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ಬಚ್ಚಲಿಗೆ ನಡೆದು ಅಂಗೈಗೆ ಉಗುಳಿದ. ಹಣ್ಣನ್ನು ಬೆರಳಿಂದ ಹಿಚುಕಿ ಹಿಚುಕಿ ಹುಡುಕಿದ. ಹಣ್ಣು ಬಿಟ್ಟರೆ ಒಳಗೆ ಏನೂ ಇರಲಿಲ್ಲ.

ಆ ದಿನ ಅವನ ಕಾಲು ಹಿಂದೆಂದೂ ಇಲ್ಲದಷ್ಟು ನೋಯಿತು. ಸಂಜೆ ಫೋನಿನ ಹುಡುಗಿಗೆ ತೊಂಬತ್ತೈದು ಎಂದ. ಹುಡುಗಿ ಗಾಬರಿಯಾಗಿ ನಾಳೆಯೇ ಬಂದು ತೋರಿಸಿ ಎಂದಳು. ಅವನಿಗೆ ಬೇಕಾಗಿದ್ದೂ ಅದೇ.

ಬೆಳಿಗ್ಗೆ ಹಣ್ಣಿನ ತುಂಡನ್ನು ಜೇಬಿಗೆ ಸೇರಿಸಿ, ನುಂಗಿದಂತೆ ನಟಿಸಿ ಹೊರಟ. ಸ್ಟೇಷನ್ನಿನ ಬ್ರಿಜ್ಜನ್ನು ಕಂಬಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ "ಶಿವಾ ಶಿವಾ" ಎನ್ನುತ್ತ ಹತ್ತಿದ. ನೀಲಾಬಾಯಿ ರಟ್ಟೆ ಹಿಡಿಯಲು ಬಂದರೆ ಕೈ ಕೊಸರಿಕೊಂಡ.

ಶುಭಾಂಗಿಯ ಕೋಣೆಯಲ್ಲಿ ಅವನು ಕೂರಲೂ ಇಲ್ಲ. ಕರ್ಚೀಫು ತೆಗೆದು ಮೇಜಿನ ಮೇಲೆ ಬಿಚ್ಚಿದ. ಸಿಪ್ಪೆಗಳ ಮುದ್ದೆ ಟಪ್ಪೆಂದು ಬಿತ್ತು.

"ನೋಡ್ರಿ ಡಾಕ್ಟರ್. ಇಕಿ ನನಗ ಔಷಧ ಕೊಡಾಕತ್ಯಾಳಂತ ನೀವು ನಂಬೀರಿ. ಔಷಧ ಎಲ್ಲಿಗಿ ಹೋಗ್ಯಾವ, ಇಕೀನ್ನ ಕೇಳ್ರಿ."

ಟಿಕೆಟ್ ಇಲ್ಲದವರ ಮುಂದೆ ದಂಡದ ಚೀಟಿ ಪುಸ್ತಕ ತೆಗೆಯುವಾಗ ಅವನ ದನಿ ಹೀಗೇ ಇರುತ್ತಿತ್ತು. ನೀಲಾಬಾಯಿ ಮುದ್ದೆಯನ್ನು ನೋಡಿದಳು. ಗಂಡನನ್ನು ನೋಡಿದಳು.

"ನಾ ಚೆಲ್ಲಿಲ್ಲ," ಎಂದಳು.

"ಚೆಲ್ಲಿಲ್ಲಂದ್ರ ಇದೇನು?"

"ಸಿಪ್ಪಿ ಅಷ್ಟ ತಗದೀನ್ರಿ. ಎಲುಬಿಂದು ಅಂತ ನೀವ ಹೇಳಿದ್ರಿ. ಲಿಂಗ ಕಟ್ಟಿದ ಮೈಯಾಗ ಅದನ್ನ ಹ್ಯಾಂಗ ಹಾಕ್ಲಿ? ನಿಮಗ ಹೇಳಿದ್ರ ಅದ ನೆವ ಮಾಡಿ ಔಷಧ ಬಿಡ್ತಿದ್ರಿ. ಅದಕ್ಕ ಹೇಳಲಿಲ್ಲ. ಒಳಗಿಂದೆಲ್ಲಾ ಹಣ್ಣಿನ್ಯಾಗ ಇಟ್ಟು ಕೊಟ್ಟೀನಿ. ಒಂದ ಕಾಳ ಕೆಳಗ ಬಿಟ್ಟಿಲ್ಲ."

"ಅಗಬಾಯಿ! ಕಾಕೂ, ಅದು ಗಿಡದ್ದು!" ಎಂದು ಶುಭಾಂಗಿ ಹಣೆ ಹಣೆ ಬಡಿದುಕೊಂಡಳು. "ಫಸ್ಟ್ ದಿವಸಾನೇ ಹೇಳೇನಿ ಅಲಾ?"

"ನೀವು ಹೇಳಿದ್ರಿ. ಇವರು ಸುಳ್ಳು ಅಂದ್ರು."

ಶುಭಾಂಗಿಗೆ ಆಗ ಇನ್ನೊಂದು ಹೊಳೆಯಿತು. ಕುರ್ಚಿಯಿಂದ ಅರ್ಧ ಎದ್ದಳು. "ತೆಗೆದೀರಿ ಅಂದ್ರ... ಒಳಗ ಏನದ ಅಂತ ನೋಡೀರಿ? ಹೇಳಬ್ಯಾಡ್ರಿ! ನನಗ ಹೇಳಬ್ಯಾಡ್ರಿ, ಕಾಕಾಗೂ ಹೇಳಬ್ಯಾಡ್ರಿ!"

ಆದರೆ ಗುರುಪಾದಪ್ಪನಿಗೆ ಎದುರಿಗಿದ್ದವಳು ತಪ್ಪೊಪ್ಪಿಕೊಳ್ಳದೆ ಬಿಟ್ಟು ಗೊತ್ತಿರಲಿಲ್ಲ.

"ಎಲ್ಲಾ ಸುಳ್ಳು! ನಿನ್ನಿ ನಾ ಬಾಯಾಗಿಂದು ತಗದು ಹಿಚಿಕಿ ನೋಡೀನಿ. ಗುಳಿಗೀನ ಇರಲಿಲ್ಲ. ಗುಳಿಗಿ ತಗದು ಬ್ಯಾರೆ ಏನೋ ಹಾಕ್ಯಾಳ. ಅದಕ್ಕ ನನ್ನ ಕಾಲು ಹಿಂಗಾಗ್ಯಾವ. ಮನ್ಯಾಗ ಕುಂತು ಬ್ಯಾಸರಾಗೀನಿ ಇಕಿಗಿ. ನಾ ಸಾಯ್ಲಿ ಅಂತ..."

ಮಾತು ಬಾಯಿಂದ ಬಿದ್ದಮೇಲೆ ಅವನಿಗೇ ಕೇಳಿಸಿತು. ಅಷ್ಟು ವರ್ಷ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದ ನೀಲಾಬಾಯಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಗುಳಿಗಿ ಇದ್ರ ಅಲ್ಲೇನು ಸಿಗೂದು! ಈ ತಿಂಗಳ ಡಬ್ಬ್ಯಾಗ ಗುಳಿಗೀನ ಇಲ್ಲ. ಬರೇ ಬಿಳೀ ಹಿಟ್ಟ ಐತಿ. ಕೆಲವು ತಿಂಗಳ ಹಿಟ್ಟಿನ್ಯಾಗ ಸಣ್ಣ ಗುಳಿಗಿ ಮುಚ್ಚಿಟ್ಟಿರ್ತಾರ, ಕೆಲವು ತಿಂಗಳ ಬರೇ ಹಿಟ್ಟು. ಸಂಕ್ರಮಣದ ತಿಂಗಳ ಮಂಚ ಬಿಟ್ಟು ಏಳಲಿಲ್ಲಲ್ಲ ನೀವು? ಅವಾಗೂ ಹಿಟ್ಟು. ಗುಳಿಗಿ ಇದ್ದಾಗೂ ನರಳಿದ್ರಿ, ಹಿಟ್ಟು ತಿಂದೂ ನರಳಿದ್ರಿ. ಒಂದ ನಮೂನಿ ನರಳಿದ್ರಿ!"

ಶುಭಾಂಗಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ತಡವಾಗಿತ್ತು. ಮೆಲ್ಲಗೆ ಕೈ ಕೆಳಗಿಳಿಸಿದಳು.

"ಈ ತಿಂಗಳಾ?" ಎಂದ ಗುರುಪಾದಪ್ಪ.

"ಈ ತಿಂಗಳ."

ಅವನು ತನ್ನ ಕಾಲುಗಳನ್ನು ನೋಡಿಕೊಂಡ. ಇದೇ ಬೆಳಿಗ್ಗೆ ಆ ಬ್ರಿಜ್ಜಿನ ಮೇಲೆ ಒಂದೊಂದು ಮೆಟ್ಟಿಲಿಗೂ ಶಿವನನ್ನು ಕರೆದದ್ದು ಈ ಕಾಲುಗಳೇ. ಅದೂ ಹೊಟ್ಟೆಗೆ ಹಿಟ್ಟು ಕೂಡ ಹೋಗದ ದಿನ! ಹಣ್ಣಿನ ತುಂಡು ಇನ್ನೂ ಅಂಗಿಯ ಜೇಬಿನಲ್ಲೇ ಇತ್ತು, ಕಪ್ಪಾಗಿ ಬಟ್ಟೆಗೆ ಇಳಿದಿತ್ತು. ಅವನು ಕುರ್ಚಿ ಹುಡುಕಿಕೊಂಡು ಕೂತ.

ಶುಭಾಂಗಿ ಸಿಪ್ಪೆಗಳ ಮುದ್ದೆಯನ್ನು ಪಕ್ಕಕ್ಕೆ ಸರಿಸಿದಳು. "ಇದನ್ನು ಮ್ಯಾಲಿನವರಿಗೆ ಹೇಳಬೇಕು. ನಿಮ್ಮ ವರ್ಷ ಲೆಕ್ಕಕ್ಕ ಹಿಡಿತಾರೋ ಬಿಡ್ತಾರೋ, ಗೊತ್ತಿಲ್ಲ. ನನಗ ಬೈತಾರ, ಅದು ಪಕ್ಕಾ. ಕಾಕಾ, ನಾ ನಿಮಗ ಹೇಳೂದು ಇಷ್ಟೇ. ಈಗ ಖೊಟ್ಟಿ ಆಟ ಮುಗೀತು. ಈ ಗುಳಿಗಿ ಖರೇದು, ಸಿಪ್ಪಿ ಇಲ್ಲ, ಏನಿಲ್ಲ. ತಿನ್ನೂದು ಬಿಡೂದು ನಿಮ್ಮ ಕೈಯಾಗ." ಮೇಜಿನ ಖಾನೆಯಿಂದ ಒಂದು ಸ್ಟ್ರಿಪ್ಪು ತೆಗೆದು ಇಟ್ಟಳು. ಗುರುಪಾದಪ್ಪ ಕೈ ಚಾಚಲಿಲ್ಲ. ನೀಲಾಬಾಯಿ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಹಿಂದಿರುಗುವಾಗ ಬ್ರಿಜ್ಜು ಬೇಡವೆಂದು ಅವಳೇ ಬಸ್ಸು ಹತ್ತಿದಳು. ಅವನು ಹಿಂದೆ ಹೋದ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹೊರಗೆ ಮಳೆ ಹಿಡಿದೇ ಇತ್ತು.

"ನಾ ನಿಮ್ಮನ್ನ ಕೊಲ್ತೀನಂತ ತಿಳದ್ರ್ಯಾ?" ಎಂದಳು, ಕಿಟಕಿಗೆ ಹೇಳುವಂತೆ.

ಇಲ್ಲ ಎನ್ನಬೇಕೆಂದು ಅವನು ಬಾಯಿ ತೆರೆದ. ಬರಲಿಲ್ಲ. ಯಾಕೆಂದರೆ ತಿಳಿದಿದ್ದ. ಪೂರ್ತಿ ಒಂದು ದಿನ, ಎರಡು ರಾತ್ರಿ ಹಾಗೇ ತಿಳಿದುಕೊಂಡು ಅವಳ ಪಕ್ಕದಲ್ಲೇ ಮಲಗಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಬಸ್ಸಿನಲ್ಲಿ ಅವನ ಕೈಗೆ ಸಿಕ್ಕಿಬಿದ್ದ ಎಷ್ಟೋ ಜನ ಹೀಗೆ ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಹೇಗಾಗುತ್ತಿತ್ತು ಎಂದು ಅವನು ಎಂದೂ ಯೋಚಿಸಿರಲಿಲ್ಲ.

"ಹೋಗ್ಲಿ ಬಿಡ್ರಿ. ನಾನೂ ಸಂಶಯ ಪಟ್ಟೀನಿ," ಎಂದಳು ನೀಲಾಬಾಯಿ. "ಮೊದ್ಲ ಹಿಟ್ಟು ನೋಡಿದಾಗ ಆಸ್ಪತ್ರಿಯವರ ಮ್ಯಾಲ ಸಿಟ್ಟು ಬಂತು. ನನ್ನ ಗಂಡನ ಎದಿ ಹಿಂಗಿರೂವಾಗ ಹಿಟ್ಟು ಕೊಡ್ತಾರಲ್ಲಂತ. ಆಮ್ಯಾಲ ನಿಮ್ಮ ಮ್ಯಾಲ ಬಂತು. ಹಿಟ್ಟು ತಿಂದು ಇಂವ ಹ್ಯಾಂಗ ನರಳ್ತಾನ? ನಮ್ಮಕ್ಕ ದೇವಕ್ಕನ ಮನಿಗಿ ಹೋಗೂಣು ಅಂದಾಗೆಲ್ಲಾ ಕಾಲು ನೋವು ಅಂದ್ರಿ. ನಾಟಕ ಮಾಡ್ತಾರ ಅಂದ್ಕೊಂಡೆ."

ಅವನು ತಲೆಯೆತ್ತಿದ. "ನಾಟಕ ಅಲ್ಲ, ನೀಲಾ."

"ಗೊತ್ತೈತಿ. ಸಂಕ್ರಮಣದ ತಿಂಗಳ ಒಂದಿನ ಮಾರ್ಕೆಟ್ಟಿಗಿ ಹೋದಾಕಿ ಚೀಲ ಮರ್ತು ತಿರುಗಿ ಬಂದೆ. ನೀವು ನೆಲದ ಮ್ಯಾಲ ಕುಂತು ಕಾಲು ತಿಕ್ಕೋತ ಅಳಾಕತ್ತಿದ್ರಿ. ಯಾರೂ ನೋಡದಾಗ ಯಾರ ನಾಟಕ ಮಾಡ್ತಾರ? ಅವತ್ತ ತಿಳೀತು. ನೋವು ಖರೇ ಐತಿ. ಗುಳಿಗಿ ಅಷ್ಟ ಸುಳ್ಳು." ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಅವತ್ತಿಂದ ದಿನಾ ಕ್ಯಾಪ್ಸೂಲು ಬಿಚ್ಚಿ, ಇವತ್ತರೆ ಇವರ ಕಾಲಿಗಿ ನೋವು ಕೊಡಬ್ಯಾಡಪಾ ಅಂತ ಬೇಡ್ಕೊಂಡು ಹಣ್ಣಿನ್ಯಾಗ ಹಾಕಿ ಕೊಟ್ಟೀನಿ."

ಕನ್ನಡಿಯಲ್ಲಿ ಕಂಡ ಮುಚ್ಚಿದ ಕಣ್ಣು ಅವನಿಗೆ ನೆನಪಾಯಿತು.

"ನನಗ ಯಾಕ ಹೇಳಲಿಲ್ಲ? ಒಳಗ ಹಿಟ್ಟ ಐತಿ ಅಂತ ಒಂದ ಮಾತು ಹೇಳಿದ್ರ..."

"ಹೇಳಿದ್ರ ನಂಬ್ತಿದ್ರ್ಯಾ?"

ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಗುರುಪಾದಪ್ಪ ಜೇಬಿಗೆ ಕೈ ಹಾಕಿದರೆ ಬೆರಳಿಗೆ ಕೊಳೆತ ಹಣ್ಣು ಅಂಟಿತು. ನೀಲಾಬಾಯಿಯೇ ಎರಡು ಟಿಕೆಟ್ ತೆಗೆದಳು.

ಬಿಲ್ಡಿಂಗಿನ ಲಿಫ್ಟು ಮಳೆಗಾಲದಲ್ಲಿ ಯಾವತ್ತೂ ನಡೆಯುವುದಿಲ್ಲ. ಮೂರು ಮಾಳಿಗೆ ಹತ್ತಬೇಕು. ಮೊದಲನೆಯ ತಿರುವಿನಲ್ಲೇ ಮೀನಖಂಡ ಎಳೆಯಿತು, ಎಂದಿನಂತೆ, ಖರೇ ನೋವಿನಂತೆ. ಗುರುಪಾದಪ್ಪ ನಿಂತ. ಬಗ್ಗಿ ಕಾಲನ್ನು ದಿಟ್ಟಿಸಿ ನೋಡಿದ. ಜೀವಮಾನವೆಲ್ಲ ಸಾವಿರಾರು ಜನರಿಗೆ ಹೇಳಿದ ಮಾತನ್ನು, ಮೀಸೆಯೊಳಗೇ, ಆ ನೋವಿಗೆ ಹೇಳಿದ.

"ತಿಕೀಟ ದಾಖವಾ."

ನೋವೇನೂ ಇಳಿದು ಓಡಿಹೋಗಲಿಲ್ಲ. ಇನ್ನೂ ಎರಡು ತಿರುವಿನ ತನಕ ಜತೆಗೇ ಬಂತು. ಆದರೂ ಅವನು ಕಂಬಿ ಹಿಡಿಯದೆ ಹತ್ತಿದ. ಮುಂದೆ ಹೋಗುತ್ತಿದ್ದ ನೀಲಾಬಾಯಿ ತಿರುಗಿ ನೋಡಿದ್ದಳೇ, ನೋಡಿಲ್ಲವೇ, ಅವನಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಸ್ಟ್ರಿಪ್ಪನ್ನೂ ಒಂದು ಲೋಟ ನೀರನ್ನೂ ಅವನ ಮುಂದಿಟ್ಟು ಒಳಗೆ ಹೋದಳು. ಹಣ್ಣು ಇರಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಯಬೇಕಾದ ಕಾರಣವೂ ಇರಲಿಲ್ಲ.

ಗುರುಪಾದಪ್ಪ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ. ಬೇಡವೆಂದರೆ ಈಗ ಕೇಳುವವರು ಯಾರೂ ಇಲ್ಲ. ಡಾಕ್ಟರೇ ಅವನ ಕೈಗೆ ಬಿಟ್ಟಿದ್ದಾಳೆ. ದಾನಪ್ಪ ಕೆಳಗೆ ಕಾಯುತ್ತಿರುತ್ತಾನೆ, ಕೇಳಿದರೆ ಹತ್ತು ಕಾರಣ ಕೊಡುತ್ತಾನೆ. ಒಂದು ಗುಳಿಗೆ ಒತ್ತಿ ತೆಗೆದ. ಬಿಳಿಯದು, ಸಣ್ಣದು. ತಿರುಗಿಸಿ ನೋಡಿದರೂ ಅದರ ಮುಖದಲ್ಲಿ ಏನೂ ಬರೆದಿರಲಿಲ್ಲ. ನಾಲಿಗೆಯ ಮೇಲಿಟ್ಟುಕೊಂಡು ಲೋಟವೆತ್ತಿದ. ನೀರು ಇಳಿಯಿತು, ಗುಳಿಗೆ ಉಳಿಯಿತು. ಇನ್ನೊಂದು ಗುಟುಕು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಗುಳಿಗೆ ಅರ್ಧ ಕರಗಿ ಅಂಗೈಗೆ ಬಂದು ಬಿತ್ತು. ಅವನು ಅದನ್ನು ಎಸೆಯಲಿಲ್ಲ. ಮತ್ತೆ ಬಾಯಿಗೆ ಹಾಕಿಕೊಳ್ಳಲು ಹೊರಟ.

ಅಡಿಗೆಮನೆಯಲ್ಲಿ ಹಣ್ಣಿನ ಗೊನೆ ಸರಿದ ಸದ್ದಾಯಿತು. ನೀಲಾಬಾಯಿ ಹೊರಗೆ ಬಂದು, ಅವನ ಅಂಗೈಯಿಂದ ಆ ಮುರುಕು ಗುಳಿಗೆಯನ್ನು ತೆಗೆದುಕೊಂಡು ಒಳಗೆ ಹೋದಳು. ತುಂಡು ಹಿಡಿದು ತಿರುಗಿ ಬಂದಳು, ಅವನ ಬೆರಳಿಗೆ ಕೊಡಲೆಂದು ಚಾಚಿದಳು.

ಅವನು ಕೈ ಚಾಚಲಿಲ್ಲ. ಬಾಯಿ ತೆರೆದ.

ತುಂಡು ಅವಳ ಬೆರಳಲ್ಲೇ ಉಳಿಯಿತು.

"ತಿರುವಿ ನೋಡೂದಿಲ್ಲೇನು?"

ಅವನು ಬಾಯಿ ತೆರೆದುಕೊಂಡೇ ಇಲ್ಲವೆಂದು ತಲೆಯಾಡಿಸಿದ. ಅವಳು ತುಂಡನ್ನು ಅವನ ನಾಲಿಗೆಯ ಮೇಲಿಟ್ಟಳು.